ಆರಿದ್ರ ಮಳೆಯ ನಕ್ಷತ್ರವನ್ನು ಕಾಫಿ ಕಣದಲ್ಲಿ ಕೂತು ಅಳೆದದ್ದು

ನಮ್ಮ ಮೂಡಿಗೆರೆ ಕಡೆಯಲ್ಲಿ ನಕ್ಷತ್ರಗಳ ಹೆಸರು ಎಲ್ಲರಿಗೂ ಬಾಯಿಪಾಠ, ಆದರೆ ಮಳೆಯ ಹೆಸರಾಗಿ ಮಾತ್ರ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಎಣಿಸುತ್ತ ಬಂದು ಜೂನ್ 22ರ ಹೊತ್ತಿಗೆ ಆರಿದ್ರ ಹುಟ್ಟಿತೆಂದರೆ ಮಳೆಗಾಲ ಕೂತಿತು ಎಂದು ಲೆಕ್ಕ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿ, ಆ ಮಳೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ನೆನೆದಿದ್ದರೂ, ಆರಿದ್ರ ಎಂಬ ನಕ್ಷತ್ರ ಆಕಾಶದ ಯಾವ ಮೂಲೆಯಲ್ಲಿದೆ ಎಂದು 2019ರ ಡಿಸೆಂಬರ್‌ವರೆಗೆ ನನಗೆ ತಿಳಿದಿರಲಿಲ್ಲ. ತಿಳಿಯದಿರುವುದಕ್ಕೆ ಒಂದು ನೆಪವೂ ಇದೆ. ಸೂರ್ಯನು ಆ ನಕ್ಷತ್ರವಿರುವ ದಿಕ್ಕಿಗೆ ಬಂದಾಗಲೇ ಮಳೆಗೆ ಆ ಹೆಸರು ಬರುವುದರಿಂದ, ಆರಿದ್ರ ಮಳೆಯ ದಿನಗಳಲ್ಲಿ ಆರಿದ್ರ ನಕ್ಷತ್ರ ಹಗಲಿನಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡವಿಲ್ಲದಿದ್ದರೂ ಅದು ಕಾಣುವುದಿಲ್ಲ.

ಆ ಡಿಸೆಂಬರ್ 26ರಂದು ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕೊಡಗಿನ ಕುಟ್ಟದಲ್ಲಿ ಬಳೆಯಂತೆ ಕಂಡ ಗ್ರಹಣ ನಮ್ಮಲ್ಲಿ ಪೂರ್ತಿ ಬಳೆಯಾಗದಿದ್ದರೂ, ಬಿಸಿಲು ಬೆಳದಿಂಗಳಿನಂತೆ ಸೊರಗಿತ್ತು. ಕಾಫಿ ಜರಡಿಯನ್ನು ಕಣದ ಮೇಲೆ ಎತ್ತಿ ಹಿಡಿದಾಗ ಅದರ ಒಂದೊಂದು ತೂತಿನಿಂದಲೂ ಒಂದೊಂದು ಕುಡುಗೋಲಿನಂಥ ಸೂರ್ಯ ಸಿಮೆಂಟಿನ ಮೇಲೆ ಬಿದ್ದದ್ದನ್ನು ನೋಡಿ, ಕೆಲಸದವರೆಲ್ಲ ಹಣ್ಣು ಹರಡುವುದನ್ನು ಬಿಟ್ಟು ಬಂದು ನಿಂತರು. ಆ ವಾರದ ಗ್ರಹಣದ ಸುದ್ದಿಗಳ ನಡುವೆಯೇ ಬೀಟಲ್‌ಜ್ಯೂಸ್ ಎಂಬ ನಕ್ಷತ್ರ ಮಂಕಾಗುತ್ತಿದೆ, ಅದು ಸಿಡಿಯಲೂಬಹುದು ಎಂಬ ಸಣ್ಣ ಸುದ್ದಿಯೊಂದು ಕಣ್ಣಿಗೆ ಬಿತ್ತು. ಬೀಟಲ್‌ಜ್ಯೂಸ್ ಎಂದರೆ ನಮ್ಮ ಆರಿದ್ರವೇ ಎಂದು ಅದರಲ್ಲೇ ಬರೆದಿತ್ತು. ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ತೋಟದ ಒಳಗೆ ಆಕಾಶ ಕಾಣುವುದಿಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ, ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಇವುಗಳ ಸಂದಿಯಲ್ಲಿ ಸಿಗುವ ಅಂಗೈಯಗಲದ ಆಕಾಶದಲ್ಲಿ ನಕ್ಷತ್ರಪುಂಜವನ್ನು ಗುರುತಿಸಲಾಗದು. ತಲೆಯ ಮೇಲೆ ಏನೂ ಅಡ್ಡವಿಲ್ಲದ ಜಾಗ ಕಣವೊಂದೇ. ಕೊಯ್ಲಿನ ಕಾಲದಲ್ಲಿ ಸಂಜೆಯಾಗುತ್ತಲೇ ಹಣ್ಣನ್ನು ಗುಡ್ಡೆ ಮಾಡಿ ಇಬ್ಬನಿಗೆ ಟಾರ್ಪಾಲು ಹೊದಿಸಿದ ಮೇಲೆ, ಕಾವಲಿಗೆ ಹೇಗೂ ಯಾರಾದರೂ ಇರಲೇಬೇಕು. ನಾನು ಕಾವಲಿನವರ ಪಕ್ಕದಲ್ಲಿ ಒಂದು ಮಂಚ ಹಾಕಿಸಿಕೊಂಡೆ.

ಆರಿದ್ರವನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಸಾಲಾಗಿ ಸಮದೂರದಲ್ಲಿ ನಿಂತ ಮೂರು ಚುಕ್ಕಿಗಳು ಮಹಾವ್ಯಾಧ, ಎಂದರೆ ಓರಿಯನ್ ಎಂಬ ಬೇಟೆಗಾರ ಪುಂಜದ ಸೊಂಟದ ಪಟ್ಟಿ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವ್ಯಾಧ ಇಲ್ಲಿ ಪಕ್ಕಕ್ಕೆ ಒರಗಿದಂತೆ ಹುಟ್ಟುತ್ತಾನೆ. ಪಟ್ಟಿಯ ಎಡಕ್ಕೆ, ಎಂದರೆ ಉತ್ತರಕ್ಕೆ, ಕೆಂಪಗಿರುವುದು ಆರಿದ್ರ. ಬಲಕ್ಕೆ ನೀಲಿ ಬಿಳುಪಾಗಿ ಹೊಳೆಯುವುದು ರೈಗೆಲ್. ಆರಿದ್ರದ ಜೊತೆಯ ಇನ್ನೊಂದು ಭುಜ ಬೆಲಾಟ್ರಿಕ್ಸ್.

ಕಷ್ಟ ಶುರುವಾದದ್ದು ಅಳತೆಯಲ್ಲಿ. ನಕ್ಷತ್ರದ ಬೆಳಕನ್ನು ಕಾಂತಿಮಾನ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಬರಿಗಣ್ಣಿನಲ್ಲಿ ಅಳೆಯುವ ಕ್ರಮ ಹಳೆಯದು ಮತ್ತು ಸರಳವಾದದ್ದು: ಕಾಂತಿ ಗೊತ್ತಿರುವ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು, ಒಂದು ನಮ್ಮ ನಕ್ಷತ್ರಕ್ಕಿಂತ ತುಸು ಪ್ರಕಾಶಮಾನ, ಇನ್ನೊಂದು ತುಸು ಮಂಕು, ಅವೆರಡರ ನಡುವೆ ನಮ್ಮದು ಎಷ್ಟು ಪಾಲು ದೂರದಲ್ಲಿದೆ ಎಂದು ಹೇಳಬೇಕು. ನಾನು ಆರಿಸಿಕೊಂಡದ್ದು ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವ ಪೊಲಕ್ಸ್, ಅದರ ಕಾಂತಿಮಾನ 1.1, ಮತ್ತು ಬೆಲಾಟ್ರಿಕ್ಸ್, ಅದರದ್ದು 1.6.

ಡಿಸೆಂಬರ್ 28ರ ರಾತ್ರಿ ಎಂಟೂವರೆಗೆ ನೋಡಿದೆ. ಆರಿದ್ರ ಪೊಲಕ್ಸ್‌ಗಿಂತ ಸ್ಪಷ್ಟವಾಗಿ ಹೆಚ್ಚು ಹೊಳೆಯುತ್ತಿತ್ತು. ಇದರಲ್ಲೇನು ಮಂಕು, ಪೇಪರಿನವರು ಹೆಚ್ಚಿಗೆ ಬರೆದಿದ್ದಾರೆ ಎಂದುಕೊಂಡು ಊಟಕ್ಕೆ ಹೋದೆ. ಹನ್ನೊಂದೂವರೆಗೆ ಮತ್ತೆ ಬಂದು ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು: ಪೊಲಕ್ಸ್ ಮುಂದೆ, ಆರಿದ್ರ ಹಿಂದೆ. ಮೂರು ಗಂಟೆಯಲ್ಲಿ ನಕ್ಷತ್ರ ಅಷ್ಟು ಮಂಕಾಗುವುದುಂಟೆ ಎಂದು ಗಾಬರಿಯಾಯಿತು. ಬದಲಾದದ್ದು ನಕ್ಷತ್ರವಲ್ಲ, ಎತ್ತರ. ಎಂಟೂವರೆಗೆ ಪೊಲಕ್ಸ್ ಆಗಷ್ಟೇ ಮೂಡಣದ ಮರಗಳ ತುದಿ ಬಿಟ್ಟು ಮೇಲೆ ಬಂದಿತ್ತು. ಅಷ್ಟು ತಗ್ಗಿನಲ್ಲಿರುವ ನಕ್ಷತ್ರದ ಬೆಳಕು ನಮ್ಮ ಕಣ್ಣಿಗೆ ಬರುವ ಮೊದಲು ನೆತ್ತಿಯ ಮೇಲಿನ ಗಾಳಿಯ ಮೂರು ನಾಲ್ಕು ಪಟ್ಟು ಗಾಳಿಯನ್ನು ಹಾಯ್ದು ಬರಬೇಕು. ಮಲೆನಾಡಿನ ಚಳಿಗಾಲದ ರಾತ್ರಿಯ ತೇವವೂ ಒಲೆಗಳ ಹೊಗೆಯೂ ಅದರಲ್ಲಿ ಸೇರಿರುತ್ತವೆ. ಆರಿದ್ರ ಆಗಲೇ ಅರ್ಧ ಆಕಾಶ ಏರಿದ್ದರಿಂದ ಅದಕ್ಕೆ ಆ ಅಡ್ಡಿ ಕಡಿಮೆಯಿತ್ತು. ಹೋಲಿಸುವ ನಕ್ಷತ್ರಗಳೆಲ್ಲ ಸಾಕಷ್ಟು ಮೇಲೇರುವವರೆಗೆ ಕಾಯದೆ ಬರೆದ ಅಳತೆ ಅಳತೆಯೇ ಅಲ್ಲ ಎಂದು ಅಂದು ಕಲಿತೆ. ಹನ್ನೊಂದೂವರೆಯ ಅಳತೆಯನ್ನು 1.3 ಎಂದು ಬರೆದೆ. ಸಾಮಾನ್ಯವಾಗಿ 0.5ರ ಹತ್ತಿರ ಇರುವ ನಕ್ಷತ್ರಕ್ಕೆ ಅದು ದೊಡ್ಡ ಇಳಿತವೇ.

ಕೆಂಪು ನಕ್ಷತ್ರದಲ್ಲಿ ಇನ್ನೊಂದು ಮೋಸವಿದೆ. ಅದನ್ನು ಎವೆಯಿಕ್ಕದೆ ದಿಟ್ಟಿಸಿದಷ್ಟೂ ಹೊಳಪು ಏರಿದಂತೆ ತೋರುತ್ತದೆ, ಓರೆಗಣ್ಣಿನಲ್ಲಿ ನೋಡಿದರೆ ಇಳಿದಂತೆ ತೋರುತ್ತದೆ. ಆದ್ದರಿಂದ ಮೂರೂ ನಕ್ಷತ್ರಗಳನ್ನು ಒಂದೇ ರೀತಿಯಲ್ಲಿ, ಎರಡು ಮೂರು ಸೆಕೆಂಡಿನಂತೆ, ಒಂದರಿಂದ ಒಂದಕ್ಕೆ ಕಣ್ಣು ಹಾಯಿಸಿ ನೋಡಬೇಕು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲನ್ನು ಒಮ್ಮೆ ತೆರೆದರೆ ಅದಷ್ಟೂ ನೀರಲ್ಲಿ ಹೋಮ. ಬರೆಯುವುದಕ್ಕೆಂದು ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಕಟ್ಟಿಕೊಂಡೆ. ಇಬ್ಬನಿಗೆ ಹಾಳೆ ಹಸಿಯಾಗಿ ಬಾಲ್‌ಪೆನ್ನು ಓಡುತ್ತಿರಲಿಲ್ಲ, ಪೆನ್ಸಿಲ್ ಓಡುತ್ತಿತ್ತು. ಮಧ್ಯರಾತ್ರಿಯ ಹೊತ್ತಿಗೆ ಆರಿದ್ರ ನಮ್ಮಲ್ಲಿ ಬಹುತೇಕ ನೆತ್ತಿಯ ಮೇಲೇ ಬರುವುದರಿಂದ ನಿಂತು ನೋಡಿದರೆ ಕತ್ತು ಹಿಡಿಯುತ್ತದೆ. ಗೋಣಿಚೀಲ ಹಾಸಿ, ಕಂಬಳಿ ಹೊದ್ದು, ಮಲಗಿಯೇ ನೋಡಬೇಕು. ಮಲಗಿದರೆ ನಿದ್ದೆ ಬರುತ್ತದೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ದೋಷ ಉಳಿದಿತ್ತು. ಅದು ನನಗೆ ಕಂಡದ್ದು ಕಾವಲಿನವರಿಂದ. ಜನವರಿಯ ಒಂದು ರಾತ್ರಿ ನಾನು ಬರೆಯುತ್ತಿರುವುದನ್ನು ನೋಡಿ ಅವರು, “ಏನು ಗೌಡ್ರೇ, ದಿನಾ ಅದೇ ಚುಕ್ಕಿ ನೋಡ್ತೀರಿ?” ಎಂದು ಕೇಳಿದರು. ಆರಿದ್ರ ಎಂದು ತೋರಿಸಿದೆ. “ಮಳೆ ಆರಿದ್ರಾನಾ? ಇದೇನಾ ಅದು?” ಎಂದು ಬಹಳ ಹೊತ್ತು ನೋಡಿ, ಆರುತ್ತ ಬಂದ ಕೆಂಡದ ಹಾಗಿದೆ ಎಂದರು. ಅದು ಮಂಕಾಗುತ್ತಿರುವ ಸುದ್ದಿಯನ್ನು ನಾನು ಹೇಳಲಿಲ್ಲ. ಪೊಲಕ್ಸನ್ನೂ ಬೆಲಾಟ್ರಿಕ್ಸನ್ನೂ ತೋರಿಸಿ, ಈ ಎರಡರ ನಡುವೆ ಅದು ಎಲ್ಲಿದೆ ಎಂದು ಮಾತ್ರ ಕೇಳಿದೆ. ಅವರು ದಶಮಾಂಶ ಹೇಳುವವರಲ್ಲ. ದೊಡ್ಡ ಚುಕ್ಕಿಯಿಂದ ಸಣ್ಣ ಚುಕ್ಕಿಗೆ ಹದಿನಾರಾಣೆ ಎಂದಿಟ್ಟುಕೊಂಡರೆ ಇದು ಎಂಟಾಣೆ ಇಳಿದಿದೆ ಎಂದರು. ನನ್ನ ಪುಸ್ತಕದಲ್ಲಿ 1.5 ಎಂದಿತ್ತು, ಎಂಟಾಣೆ ಎಂದರೆ 1.35.

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಪೇಪರಿನಲ್ಲಿ ‘ಇನ್ನಷ್ಟು ಮಂಕು’ ಎಂದು ಬಂದ ಮಾರನೆಯ ರಾತ್ರಿಗಳಲ್ಲೆಲ್ಲ ನನ್ನ ಸಂಖ್ಯೆ ಮಂಕಿನ ಕಡೆಗೆ ಒಂದು ಮೆಟ್ಟಿಲು ಏರಿತ್ತು. ಕಣ್ಣು ನೋಡಿದ್ದಕ್ಕಿಂತ ಕಿವಿ ಕೇಳಿದ್ದನ್ನೇ ಕೈ ಬರೆದಿತ್ತು. ಅಂದಿನಿಂದ ಕ್ರಮ ಬದಲಾಯಿಸಿದೆ. ಹಿಂದಿನ ದಿನದ ಪುಟವನ್ನು ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿ, ಮೊದಲು ನನ್ನ ಅಳತೆಯನ್ನು ಯಾರಿಗೂ ಹೇಳದೆ ಬರೆದು, ಆಮೇಲೆ ಕಾವಲಿನವರನ್ನು ಕೇಳಿ, ಅವರ ಆಣೆಯನ್ನು ಪಕ್ಕದ ಅಂಕಣದಲ್ಲಿ ಬರೆಯತೊಡಗಿದೆ. ಎರಡು ಅಂಕಣಗಳ ವ್ಯತ್ಯಾಸ ವಾರ ಕಳೆದಂತೆ ತಗ್ಗಿತು. ವ್ಯತ್ಯಾಸ ಹೆಚ್ಚಿದ್ದ ರಾತ್ರಿಗಳಲ್ಲಿ ಯಾರದು ಸರಿ ಎಂದು ನನ್ನನ್ನು ಕೇಳಿದರೆ ನಾನು ಅವರ ಕಡೆಗೇ ವಾಲುತ್ತೇನೆ.

ಜನವರಿ 10ರ ಹುಣ್ಣಿಮೆಯಲ್ಲಿ ಚಂದ್ರ ಪುನರ್ವಸುವಿನ ಹತ್ತಿರವೇ ನಿಂತಿದ್ದರಿಂದ ನಾಲ್ಕೈದು ದಿನ ಪುಸ್ತಕ ಖಾಲಿ. ಅಮಾವಾಸ್ಯೆಯ ಹೊತ್ತಿಗೆ, ಜನವರಿಯ ಕೊನೆಯ ವಾರದಲ್ಲಿ, ಆರಿದ್ರ ಬೆಲಾಟ್ರಿಕ್ಸ್‌ನ ಮಟ್ಟಕ್ಕೇ ಬಂದಿತ್ತು. ವ್ಯಾಧನ ಎರಡು ಭುಜಗಳೂ ಸಮನಾಗಿ, ಒಂದು ಕೆಂಪು ಒಂದು ಬಿಳಿ ಎಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸ ಹೇಳಲಾಗದಂತೆ ಇದ್ದವು. ಕಾವಲಿನವರು “ಹದಿನಾರಾಣೆ ಆಯ್ತು, ಗೌಡ್ರೇ” ಎಂದರು. ಫೆಬ್ರವರಿಯ ಎರಡನೇ ವಾರದಲ್ಲಿ ಅದು ತೀರ ತಳ ಮುಟ್ಟಿದಾಗ ಉಪಕರಣಗಳಿಂದ ಅಳೆದವರಿಗೆ ಸಿಕ್ಕ ಸಂಖ್ಯೆಯೂ ಸುಮಾರು 1.6. ತಿಂಗಳ ಕೊನೆಗೆ ತಿರುಗಿ ಏರತೊಡಗಿ, ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗಿ ರಾತ್ರಿಯೂ ಹೂವಿನ ವಾಸನೆ ಕಣದವರೆಗೆ ಬರುತ್ತಿದ್ದ ದಿನಗಳಲ್ಲಿ, ನಾನು ಪೊಲಕ್ಸನ್ನು ಬಿಟ್ಟು ಹೆಚ್ಚು ಹೊಳೆಯುವ ರೋಹಿಣಿಯೊಂದಿಗೆ ಹೋಲಿಸಬೇಕಾಯಿತು.

ಸಿಡಿಯುವ ಮಾತು ಹುಸಿಯಾಯಿತು. ಆರಿದ್ರ ಮುಂದೆ ಎಂದಾದರೂ ಸಿಡಿಯುವ ನಕ್ಷತ್ರವೇ ಹೌದು. ಆದರೆ ಆ ‘ಎಂದಾದರೂ’ ಸಾವಿರಗಟ್ಟಲೆ ವರ್ಷಗಳ ಲೆಕ್ಕದ್ದು. ಹಬಲ್ ದೂರದರ್ಶಕದ ಅವಲೋಕನಗಳೂ ಚಿಲಿಯ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳೂ ಸೇರಿ ತೋರಿಸಿದ್ದೇನೆಂದರೆ, ನಕ್ಷತ್ರ ತನ್ನ ಮೈಯಿಂದ ಅನಿಲದ ದೊಡ್ಡ ಮುದ್ದೆಯೊಂದನ್ನು ಉಗುಳಿತ್ತು, ಅದು ತಣ್ಣಗಾಗಿ ದೂಳಾಗಿ ನಮ್ಮ ಕಡೆಗೆ ಅಡ್ಡ ಬಂದಿತ್ತು. ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗಿಬಿಡುವಷ್ಟು ದೊಡ್ಡ ನಕ್ಷತ್ರ ಅದು. 2019ರ ಡಿಸೆಂಬರ್‌ನ ಚಿತ್ರದಲ್ಲಿ ಅದರ ದಕ್ಷಿಣದ ಅರ್ಧ ಕಪ್ಪಿಟ್ಟಂತೆ ಕಾಣುತ್ತದೆ. ದೂರದ ಬಗ್ಗೆ ಅಂದಾಜುಗಳು 550ರಿಂದ 700 ಜ್ಯೋತಿರ್ವರ್ಷಗಳವರೆಗೆ ಇವೆ. ಎಂದರೆ ಆ ದೂಳು ನಿಜವಾಗಿ ಎದ್ದದ್ದು ನಮ್ಮಲ್ಲಿ ಹೊಯ್ಸಳರು ಮುಗಿದು ವಿಜಯನಗರ ಬಂದ ಕಾಲದ ಆಸುಪಾಸಿನಲ್ಲಿ; ಸುದ್ದಿ ನಮ್ಮ ಕಣಕ್ಕೆ ಬಂದು ಮುಟ್ಟಿದ್ದು ರೊಬಸ್ಟಾ ಕೊಯ್ಲಿನ ವೇಳೆಗೆ.

ಮುಂದಿನ ಚಳಿಗಾಲ ಆಸೆ ಹೆಚ್ಚಾಗಿ ಆಲ್ಗಾಲ್‌ಗೆ ಕೈ ಹಾಕಿದೆ. ಪರ್ಸಿಯಸ್ ಪುಂಜದ ಈ ನಕ್ಷತ್ರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ತಪ್ಪದೆ 2.1ರಿಂದ 3.4ಕ್ಕೆ ಇಳಿದು ಏರುತ್ತದೆ, ಏಕೆಂದರೆ ಅದನ್ನು ಸುತ್ತುವ ಮಂಕು ಜೊತೆಗಾರ ನಕ್ಷತ್ರ ನಡುವೆ ಬಂದು ಮರೆಮಾಡುತ್ತದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್ರಿಕ್ ಎಂಬ ಕಿವುಡ ಯುವಕ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, 1783ರಲ್ಲಿ ಈ ಅವಧಿಯನ್ನು ಬರಿಗಣ್ಣಿನಿಂದಲೇ ಕಂಡುಹಿಡಿದು ತಿಳಿಸಿದ. ನಾನು ಅದು ಇಳಿಯುವ ಹೊತ್ತುಗಳ ಪಟ್ಟಿಯಲ್ಲಿ ಸಮಯ ನೋಡಿ, ಚಳಿಯಲ್ಲಿ ಎರಡು ಗಂಟೆ ಕಾದು, ಒಂದಿಷ್ಟೂ ಇಳಿಯದ ಆಲ್ಗಾಲನ್ನು ನೋಡಿ ಮಲಗಿದೆ. ಪಟ್ಟಿಯಲ್ಲಿದ್ದದ್ದು ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಬೇಕಿತ್ತು. ತಿಂಗಳುಗಟ್ಟಲೆ ನಿಧಾನವಾಗಿ ಬದಲಾಗುವ ಆರಿದ್ರದಲ್ಲಿ ಅದೇ ತಪ್ಪು ಮಾಡಿದ್ದರೂ ಗೊತ್ತಾಗುತ್ತಿರಲಿಲ್ಲ, ಹತ್ತು ಗಂಟೆಯಲ್ಲಿ ಇಡೀ ಆಟ ಮುಗಿಸುವ ಆಲ್ಗಾಲ್ ಒಂದೇ ರಾತ್ರಿಯಲ್ಲಿ ತೋರಿಸಿಕೊಟ್ಟಿತು. ಮೂರು ದಿನ ಬಿಟ್ಟು, ಮೂರು ಗಂಟೆ ಹನ್ನೊಂದು ನಿಮಿಷ ಮುಂಚೆ, ಅದು ಇಳಿಯುವುದನ್ನು ಹಿಡಿದೆ. ಹೊಸಬರಿಗೆ ಒಂದು ಮಾತು: ಆಲ್ಗಾಲ್‌ನ ಪಕ್ಕದಲ್ಲೇ ಹೋಲಿಕೆಗೆ ಹೇಳಿ ಮಾಡಿಸಿದಂತೆ ರೋ ಪರ್ಸೈ ಎಂಬ ನಕ್ಷತ್ರವಿದೆ, ಅದರ ಕಾಂತಿಯೂ ಬದಲಾಗುತ್ತದೆ, ಅದನ್ನು ನಂಬಬಾರದು.

ಈಗ ನನಗಿರುವ ದೊಡ್ಡ ತೊಂದರೆ ಇಬ್ಬನಿಯಲ್ಲ. ಆಚೆಯ ಗುಡ್ಡದಲ್ಲಿ ಆದ ಹೋಂಸ್ಟೇಯೊಂದರ ಬಿಳಿ ಫ್ಲಡ್‌ಲೈಟು ರಾತ್ರಿಯಿಡೀ ನಮ್ಮ ಕಣದ ಮೇಲೆ ಬೀಳುತ್ತದೆ. ಹೋಗಿ ಕೇಳಿಕೊಂಡ ಮೇಲೆ ಒಂದು ದೀಪವನ್ನು ನೆಲಕ್ಕೆ ಮುಖಮಾಡಿ ತಿರುಗಿಸಿದ್ದಾರೆ, ಇನ್ನೊಂದು ಹಾಗೆಯೇ ಇದೆ. ಕಾಫಿ ಗುಡ್ಡೆಯ ಈಚೆ, ಅದರ ನೆರಳಿನಲ್ಲಿ, ಮಂಚವನ್ನು ಸರಿಸಿಕೊಂಡಿದ್ದೇನೆ. ಗುಡ್ಡೆ ಕರಗಿದಂತೆ ಮಂಚವೂ ಜಾಗ ಬದಲಿಸುತ್ತದೆ.

ಬರೆದಿಟ್ಟ ಅಳತೆಗಳನ್ನು ಎಎವಿಎಸ್‌ಒ ಎಂಬ, 1911ರಿಂದ ಇಂಥ ಹವ್ಯಾಸಿಗಳ ಅಳತೆಗಳನ್ನು ಕೂಡಿಡುತ್ತ ಬಂದಿರುವ ಅಮೆರಿಕದ ಸಂಘಕ್ಕೆ ಕಳಿಸುತ್ತೇನೆ. ಕೊಯ್ಲಿನಲ್ಲಿ ಅದಕ್ಕೆ ಪುರಸೊತ್ತಿಲ್ಲ. ಜೂನ್ ಕೊನೆಯಲ್ಲಿ, ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ, ಪೆನ್ಸಿಲಿನ ಅಂಕಿಗಳನ್ನು ಒಂದೊಂದಾಗಿ ಗ್ರೀನಿಚ್ ಸಮಯಕ್ಕೆ ತಿರುಗಿಸಿ ಕಂಪ್ಯೂಟರಿಗೆ ಹಾಕುತ್ತಾ ಕೂರುತ್ತೇನೆ. ಕಾವಲಿನವರು ಆಗ ಗದ್ದೆ ಕೆಲಸಕ್ಕೆ ಬಂದವರು ಗೊರಬು ಕಳಚಿ ಜಗಲಿಯಲ್ಲಿ ನಿಂತು, ತಮ್ಮ ಆಣೆಗಳನ್ನು ಬಿಡದೆ ಬರೆದಿದ್ದೇನೆಯೇ ಎಂದು ಕೇಳುತ್ತಾರೆ. ಆ ಸಂಘದ ಪಟ್ಟಿಯಲ್ಲಿ ಆಣೆಗೆ ಅಂಕಣವಿಲ್ಲದ್ದರಿಂದ ಅವನ್ನು ದಶಮಾಂಶಕ್ಕೆ ತಿರುಗಿಸಿ ಓದಿ ಹೇಳಿದರೆ, ಕಳೆದ ಸಲ ಒಂದು ರಾತ್ರಿಯದು ತಪ್ಪಾಗಿದೆ, ಅಂದು ತಾವು ಹೇಳಿದ್ದು ಆರಾಣೆ, ಎಂಟಲ್ಲ ಎಂದರು. ಪುಸ್ತಕ ತೆಗೆದು ನೋಡಿದೆ, ಆರೇ ಇತ್ತು.