ಬಾದಲನಿಗೆ ಐದು ವರ್ಷ ತುಂಬುವವರೆಗೆ

ನಮ್ಮ ಕೊಟ್ಟಿಗೆಯ ಪಡುವಣ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳ ಎರಡು ಸಾಲುಗಳಿವೆ. ಎಡಗಡೆಯವು ನಮ್ಮ ಕುದುರೆ ಬಾದಲನ ಹೆಗಲ ದಿಬ್ಬದ ಎತ್ತರ, ಬಲಗಡೆಯವು ಅವನ ಟೊಂಕದ ಎತ್ತರ. ಪ್ರತಿ ಗೆರೆಯ ಪಕ್ಕದಲ್ಲಿ ತಿಂಗಳು, ವರ್ಷ ಬರೆದಿದ್ದೇನೆ. ಮೊದಲ ಗೆರೆ 2018ರ ಡಿಸೆಂಬರಿನದು: ಹೆಗಲು 134 ಸೆಂಟಿಮೀಟರ್, ಟೊಂಕ 138. ಮನೆಯವರು ಎರಡು ಸಲ ಗೋಡೆಗೆ ಸುಣ್ಣ ಬಳಿಸಿದರು. ಆ ಒಂದು ಮೊಳ ಅಗಲದ ಜಾಗವನ್ನು ಮಾತ್ರ ಬಿಡಿಸಿಕೊಂಡೆ.

ನಾವು ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ತೀರದವರು. ಕಬ್ಬು ನಮ್ಮ ಮುಖ್ಯ ಬೆಳೆ. ಮನೆಯಲ್ಲಿ ಒಂದು ಕುದುರೆ ಇರಬೇಕೆಂಬುದು ಅಜ್ಜನ ಕಾಲದಿಂದ ಬಂದ ರೂಢಿ. ಆದರೆ ಅಲ್ಲಿಯವರೆಗೆ ಬಂದವೆಲ್ಲ ಗಾಡಿಗೆ ಪಳಗಿದ, ಹಲ್ಲೆಲ್ಲ ಬಂದು ಬಾಯಿ ತುಂಬಿದ ಕುದುರೆಗಳು. ಮರಿಯನ್ನು ತಂದು ಬೆಳೆಸಿದ್ದು ಅದೇ ಮೊದಲು. ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯಲ್ಲಿ, ತಾಪಿ ನದಿಯ ದಂಡೆಯ ಸಾರಂಗಖೇಡಾದಲ್ಲಿ ದತ್ತ ಜಯಂತಿಯ ಹೊತ್ತಿಗೆ ದೊಡ್ಡ ಕುದುರೆ ಜಾತ್ರೆ ಸೇರುತ್ತದೆ. ಮಾರವಾಡಿ, ಕಾಠಿಯಾವಾಡಿ ಕುದುರೆಗಳನ್ನು ಕೊಳ್ಳಲು ನಮ್ಮ ಕಡೆಯವರೂ ಅಲ್ಲಿಗೆ ಹೋಗುತ್ತಾರೆ. ಸಾಲಾಗಿ ಕಟ್ಟಿದ್ದ ಮರಿಗಳ ನಡುವೆ ಈ ಬೂದು ಬಣ್ಣದ ಗಂಡು ಮರಿ ಕಿವಿಗಳ ತುದಿ ಒಂದಕ್ಕೊಂದು ತಾಗಿಸಿಕೊಂಡು ನನ್ನನ್ನೇ ನೋಡುತ್ತಿತ್ತು. ಎರಡು ವರ್ಷ ತುಂಬಿದೆ ಎಂದು ವ್ಯಾಪಾರಿ ಹೇಳಿದ, ನಾನು ನಂಬಿದೆ.

ಊರಿಗೆ ತಂದ ದಿನವೇ ಕಾಕಾ ಅವನ ಸುತ್ತ ಒಂದು ಸುತ್ತು ಬಂದು, "ಎರಡು ವರ್ಷಕ್ಕೆ ಇಷ್ಟೇ ಇದ್ದರೆ ಇದು ತಟ್ಟುವೇ ಆಗುತ್ತದೆ, ಕುದುರೆ ಆಗುವುದಿಲ್ಲ" ಎಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕುದುರೆ ಒಂದು ವರ್ಷಕ್ಕೇ ತನ್ನ ಪೂರ್ತಿ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಬೆಳೆದಿರುತ್ತದೆ. ಎರಡು ವರ್ಷಕ್ಕೆ ಉಳಿಯುವುದು ಮೂರು ನಾಲ್ಕು ಬೆರಳಿನಷ್ಟು ಮಾತ್ರ. ಕುದುರೆಯ ಅಳತೆಯಲ್ಲಿ ಒಂದು ಕೈ ಎಂದರೆ ನಾಲ್ಕು ಇಂಚು, 134 ಸೆಂಟಿಮೀಟರ್ ಎಂದರೆ ಹದಿಮೂರು ಕೈಗಿಂತ ತುಸು ಹೆಚ್ಚು. ಮಾರವಾಡಿ ಕುದುರೆ ಹದಿನಾಲ್ಕು ಕೈಯಾದರೂ ಇರಬೇಕು.

ನಾನು ಅವನನ್ನು ಬೇಗ ಬೆಳೆಸುವ ಹಟಕ್ಕೆ ಬಿದ್ದೆ. ಎಮ್ಮೆಗಳಿಗೆ ತರುತ್ತಿದ್ದ ಗೋಧಿ ಬೂಸಾವನ್ನೇ ದಿನಕ್ಕೆ ಮೂರು ಕಿಲೋ ಹಾಕಿದೆ. ಜೊತೆಗೆ ನುಚ್ಚು ಮಾಡಿದ ಗೋವಿನಜೋಳ. ಹಸಿರಿಗೆ ಹೊಲದಲ್ಲಿ ಬೇಕಾದಷ್ಟು ಬಿದ್ದಿರುವ ಕಬ್ಬಿನ ಸೋಗೆ, ಬದುವಿನ ಮೇಲಿನ ನೇಪಿಯರ್ ಹುಲ್ಲು. ಮೈ ಸ್ವಲ್ಪ ತುಂಬಿತು, ಗೆರೆ ಮಾತ್ರ ಮೇಲೇರಲಿಲ್ಲ. ಜನವರಿ, ಫೆಬ್ರವರಿ, ಮಾರ್ಚ್, ಮೂರೂ ತಿಂಗಳ ಗೆರೆಗಳು ಒಂದರ ಮೇಲೊಂದು ಕೂತಿವೆ. ಏಪ್ರಿಲ್‌ನಲ್ಲಿ ಅವನ ನಡಿಗೆ ಬದಲಾಯಿತು. ಹೆಜ್ಜೆ ಗಿಡ್ಡವಾಯಿತು. ಒಂದು ದಿನ ಎಡ ಮುಂಗಾಲು ಕುಂಟುತ್ತಿದ್ದರೆ ನಾಲ್ಕು ದಿನ ಬಿಟ್ಟು ಬಲ ಹಿಂಗಾಲು. ಗೊರಸಿನಲ್ಲಿ ಮುಳ್ಳಿಲ್ಲ, ಕಾಲಿನಲ್ಲಿ ಬಾವಿಲ್ಲ. ಹೊಸ ಜಾಗದ ಅಂಜಿಕೆ ಎಂದು ಕೆಲವರು ಹೇಳಿದರು. ತಂದು ನಾಲ್ಕು ತಿಂಗಳಾದ ಮೇಲೆ ಯಾವ ಅಂಜಿಕೆ?

ಕೊಲ್ಹಾಪುರದ ಕಡೆಯಿಂದ ಕುದುರೆಗಳನ್ನೇ ಹೆಚ್ಚಾಗಿ ನೋಡುವ ಪಶುವೈದ್ಯರೊಬ್ಬರನ್ನು ಕರೆಸಿದೆ. ಅವರು ಕಾಲು ಮುಟ್ಟುವ ಮೊದಲು ಬಾಯಿ ಬಿಡಿಸಿ ಕೆಳತುಟಿ ಕೆಳಗೆ ಎಳೆದು ನನ್ನನ್ನು ಹತ್ತಿರ ಕರೆದರು.

"ಮೂಲೆಯ ಹಲ್ಲು ನೋಡಿ. ಮೇಲಿನದು ಕೆಳಗಿನದು ಈಗಷ್ಟೇ ಒಂದಕ್ಕೊಂದು ತಾಗುತ್ತಿವೆ, ಸವೆದೇ ಇಲ್ಲ. ಇವನಿಗೆ ಎರಡು ವರ್ಷ ಎಂದು ಯಾರು ಹೇಳಿದರು?"

ಕುದುರೆಯ ಮುಂಬಾಯಿಯಲ್ಲಿ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಹೊಸತು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬಿತು ಎನ್ನುತ್ತೇವೆ. ಇಷ್ಟು ನನಗೆ ಗೊತ್ತಿತ್ತು. ಆದರೆ ಎರಡೂವರೆಗಿಂತ ಮೊದಲು ಬಾಯಲ್ಲಿ ಇರುವುದೆಲ್ಲ ಹಾಲುಹಲ್ಲೇ. ಆಗ ವಯಸ್ಸು ಹೇಳುವುದು ಅವು ಸವೆದಿರುವ ಬಗೆ. ಅದನ್ನು ನೋಡಲು ನನಗೆ ಬರುತ್ತಿರಲಿಲ್ಲ. ಡಾಕ್ಟರ ಅಂದಾಜಿನಂತೆ ಸಾರಂಗಖೇಡಾದಲ್ಲಿ ಬಾದಲನಿಗೆ ಹದಿನೈದು ಹದಿನಾರು ತಿಂಗಳಷ್ಟೇ ಆಗಿತ್ತು. ಮುಂದೆ 2020ರ ಮಾರ್ಚ್‌ನಲ್ಲಿ ನಡುವಿನ ಜೋಡಿ ಬಿದ್ದಾಗ ಅವರ ಅಂದಾಜು ತಿಂಗಳ ಲೆಕ್ಕದಲ್ಲಿ ಸರಿಹೋಯಿತು. ನಾವು ಕುಳ್ಳ ಎಂದುಕೊಂಡಿದ್ದ ಮರಿ ಇನ್ನೂ ಎಳೆಯದಾಗಿತ್ತು. ಟೊಂಕ ಹೆಗಲಿಗಿಂತ ನಾಲ್ಕು ಸೆಂಟಿಮೀಟರ್ ಎತ್ತರ ಇದ್ದದ್ದೂ ಅದನ್ನೇ ಹೇಳುತ್ತಿತ್ತು. ಮರಿಯ ಹಿಂಬದಿ ಮೊದಲು ಏರುತ್ತದೆ, ಹೆಗಲು ಹಿಂದಿನಿಂದ ಬಂದು ಅದನ್ನು ಮುಟ್ಟುತ್ತದೆ. ಟೊಂಕ ಮುಂದಿದ್ದರೆ ಬೆಳವಣಿಗೆ ಬಾಕಿ ಇದೆ ಎಂದು ಲೆಕ್ಕ.

ಹಾಗೆಂದು ಎಲ್ಲವೂ ಸರಿಯಿದೆ ಎಂದು ಅವರು ಹೇಳಲಿಲ್ಲ. ಅವನ ಮುಖದ ಎರಡೂ ಕಡೆ, ಕಣ್ಣಿನ ಕೆಳಗಿನ ಏಣು ಮೂಳೆಯ ಮೇಲ್ಭಾಗದಲ್ಲಿ ನನ್ನ ಹೆಬ್ಬೆರಳು ಇರಿಸಿ ಒತ್ತಿಸಿದರು. ಚಪ್ಪಟೆಯಾಗಿರಬೇಕಾದ ಕಡೆ ಮೆಲುವಾದ ಉಬ್ಬು. ಕಣ್ಣಿಗೆ ಕಾಣುವಷ್ಟು ಇರಲಿಲ್ಲ, ಬೆರಳಿಗೆ ಸ್ಪಷ್ಟವಾಗಿ ಸಿಗುತ್ತಿತ್ತು. ಆ ಸ್ಪರ್ಶವನ್ನು ನಾನು ಮರೆತಿಲ್ಲ. "ಏನು ಹಾಕುತ್ತೀರಿ?" ಎಂದು ಕೇಳಿದರು. ಹೇಳಿದೆ. ಅವರು ಬೂಸಾದ ಚೀಲವನ್ನೇ ನೋಡುತ್ತ ನಿಂತರು.

ಒಂದು ಕಿಲೋ ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ, ರಂಜಕ ಹತ್ತು ಗ್ರಾಂ ಸುಮಾರು. ಬೆಳೆಯುವ ಮರಿಗೆ ಬೇಕಾಗಿರುವುದು ಇದಕ್ಕೆ ತಿರುಗುಮುರುಗು: ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು, ಒಂದಕ್ಕೆ ಒಂದೂವರೆಯೋ ಎರಡೋ. ರಂಜಕ ಮೇಲುಗೈಯಾದರೆ ದೇಹ ರಕ್ತದ ಕ್ಯಾಲ್ಸಿಯಂ ಸರಿದೂಗಿಸಲು ಮೂಳೆಯಿಂದ ಕಿತ್ತು ತರುತ್ತದೆ, ಮೂಳೆ ಇದ್ದ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ. ಅದು ಮೊದಲು ಕಾಣುವುದು ಮುಖದಲ್ಲಿ ಮತ್ತು ನಡಿಗೆಯಲ್ಲಿ. ಹಿಟ್ಟಿನ ಗಿರಣಿಗಳವರು ಕುದುರೆ ಸಾಕುತ್ತಿದ್ದ ಕಾಲದಲ್ಲಿ ಬೂಸಾ ತಿಂದ ಕುದುರೆಗಳಿಗೆ ಬರುತ್ತಿದ್ದ ಹಳೆಯ ರೋಗ ಇದು. ಇದರ ಮೇಲೆ ನನ್ನ ಕಬ್ಬಿನ ಸೋಗೆ ಮತ್ತು ನೇಪಿಯರ್ ಸೇರಿದ್ದವು. ಅವೆರಡರಲ್ಲೂ ಆಕ್ಸಲೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಎಮ್ಮೆ ಆಕಳುಗಳ ದೊಡ್ಡ ಹೊಟ್ಟೆಯಲ್ಲಿ ಅದನ್ನು ಒಡೆಯುವ ಸೂಕ್ಷ್ಮಜೀವಿಗಳಿವೆ, ಅವು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಕುದುರೆ ಕ್ಯಾಲ್ಸಿಯಂ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ, ಅದರ ಸೂಕ್ಷ್ಮಜೀವಿಗಳು ಇರುವುದು ಸಣ್ಣ ಕರುಳು ದಾಟಿದ ನಂತರದ ದೊಡ್ಡ ಕರುಳಿನಲ್ಲಿ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಮ್ಮೆಗೆ ಒಳ್ಳೆಯದಾದ ಮೇವು ಕುದುರೆಗೂ ಒಳ್ಳೆಯದು ಎಂದು ನಾಲ್ಕು ತಿಂಗಳು ನಾನೇ ನನ್ನ ಕೈಯಿಂದ ಆ ಮರಿಯ ಮೂಳೆ ಸವೆಸಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ಬೂಸಾ, ಸೋಗೆ, ನೇಪಿಯರ್ ಮೂರೂ ನಿಂತವು. ಎಂಟು ಗುಂಟೆಯಲ್ಲಿ ಕುದುರೆ ಮೆಂತೆ ಹಾಕಿದೆ. ಹೆಸರಿನಲ್ಲೇ ಕುದುರೆ ಇದ್ದರೂ ನಮ್ಮೂರಿನಲ್ಲಿ ಅದನ್ನು ತಿನ್ನುವುದು ಆಕಳು, ಮೇಕೆಗಳೇ. ಅದು ಕೊಯ್ಲಿಗೆ ಬರುವವರೆಗೆ ಪಕ್ಕದೂರಿನಿಂದ ಕೊಂಡು ತಂದು, ಅರ್ಧ ದಿನ ಬಾಡಿಸಿ ಹಾಕಿದೆ. ಒಣಮೇವಿಗೆ ಜೋಳದ ಕಣಿಕೆ. ಕಾಳಿಗೆ ಬೇಯಿಸಿದ ಹುರುಳಿ ಮತ್ತು ಓಟ್ಸ್. ಅದರ ಮೇಲೆ ಡಾಕ್ಟರು ಹೇಳಿದಷ್ಟು ಸುಣ್ಣಕಲ್ಲಿನ ಪುಡಿ. ಪುಡಿ ಬಕೆಟ್ಟಿನ ತಳದಲ್ಲಿ ಉಳಿಯುತ್ತದೆ, ಕಾಳನ್ನು ಸ್ವಲ್ಪ ಒದ್ದೆ ಮಾಡಿ ಕಲಸಿದರೆ ಮಾತ್ರ ಹೊಟ್ಟೆಗೆ ಹೋಗುತ್ತದೆ. ಲದ್ದಿ ಪರೀಕ್ಷೆ ಮಾಡಿಸಿ ಜಂತಿಗೂ ಮದ್ದು ಕೊಟ್ಟೆವು.

ಕುಂಟು ಹೋಗಲು ಎರಡೂವರೆ ತಿಂಗಳು ಹಿಡಿಯಿತು. ಮುಖದ ಉಬ್ಬು ಪೂರ್ತಿ ಇಳಿಯಲಿಲ್ಲ. ಇಂದಿಗೂ ಬೆರಳಿಟ್ಟರೆ ಬಲಗಡೆ ಸ್ವಲ್ಪ ಸಿಗುತ್ತದೆ. ಆದರೆ ಗೋಡೆಯ ಗೆರೆ ಹೊರಟಿತು. 2019ರ ಜೂನ್‌ಗೆ 136, ಆಗಸ್ಟ್‌ಗೆ 139.

ಗೆರೆ ಏರಿದ್ದು ನೋಡಿ ಮನೆಯಲ್ಲಿ ಎಲ್ಲರಿಗೂ ಉತ್ಸಾಹ ಬಂತು. ನಾನಿಲ್ಲದಾಗ ಕಾಕಾ ನೆನೆಸಿದ ಕಡಲೆ, ಬೆಲ್ಲ ಸೇರಿಸಿ ಕೊಡತೊಡಗಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆಗಸ್ಟ್ ಕೊನೆಯಲ್ಲಿ ಮುಂಗಾಲುಗಳ ಮೊಣಕಾಲಿನ ಸ್ವಲ್ಪ ಮೇಲೆ ಒಳಬದಿಗೆ ಬಿಸಿಯಾದ ಗಡಸು ಉಬ್ಬು ಎದ್ದಿತು. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಅದರ ಮೇಲಿನ ಉದ್ದ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವಿದೆ. ಹುರಿಗಡಲೆಯಷ್ಟೂ ದಪ್ಪವಿಲ್ಲದ, ಇನ್ನೂ ಮೂಳೆಯಾಗದ ಮೃದ್ವಸ್ಥಿ, ಮರಿ ಎತ್ತರವಾಗುವುದು ಇಂಥ ಪದರಗಳಿಂದಲೇ. ಗಾಲಿ ಹಚ್ಚಿದ ಎಕ್ಸ್-ರೇ ಯಂತ್ರ ತಂದು ಚಿತ್ರ ತೆಗೆದಾಗ ಬಿಳಿಯ ಮೂಳೆಗೆ ಅಡ್ಡಲಾಗಿ ಕಪ್ಪು ದಾರದಂತೆ ಅದು ಕಂಡಿತು, ಅಂಚು ಒರಟಾಗಿತ್ತು. ಕಾಳು ಹೆಚ್ಚಾಗಿ ಮೈಭಾರ ಒಮ್ಮೆಲೇ ಏರಿದಾಗ ಆ ಪದರ ನಲುಗುತ್ತದೆ. ಹಿಂದೆ ಬಿದ್ದ ಮರಿಯನ್ನು ಅವಸರದಿಂದ ಮುಂದೆ ತಳ್ಳುವುದು ಹಸಿವಿನಷ್ಟೇ ಅಪಾಯ ಎಂದು ನನಗೆ ತಿಳಿದದ್ದು ಆಗ. ಕಡಲೆ, ಬೆಲ್ಲ ನಿಂತಿತು, ಕಾಳು ಅರ್ಧಕ್ಕಿಳಿಯಿತು, ಆರು ವಾರ ಚಿಕ್ಕ ಆವರಣದಲ್ಲಿ ಮೆಲ್ಲನೆಯ ನಡಿಗೆ ಮಾತ್ರ.

ಅಂದಿನಿಂದ ತಿಂಗಳಿಗೊಮ್ಮೆ ತೂಕದ ಲೆಕ್ಕವನ್ನೂ ಹಿಡಿದೆ. ಕುದುರೆಯನ್ನು ತೂಗುವ ತಕ್ಕಡಿ ನಮ್ಮಲ್ಲಿ ಎಲ್ಲಿ ಬರಬೇಕು? ಹೆಗಲ ಹಿಂದಿನ ಎದೆ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಎದೆಯ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಎಳೆಯ ಮರಿಗೆ ಇದು ತುಸು ಕಡಿಮೆ ತೋರಿಸುತ್ತದೆ. ಆದರೂ ಪ್ರತಿ ತಿಂಗಳು ಒಂದೇ ಬಗೆಯಲ್ಲಿ ಅಳೆದರೆ ಏರಿಕೆ ಸಮವಾಗಿದೆಯೋ ಜಿಗಿಯುತ್ತಿದೆಯೋ ಗೊತ್ತಾಗುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಎರಡು ವರ್ಷ ತುಂಬಿದ ಮೇಲೆ ಗಾಡಿಗೆ ಹೂಡುವ ಒತ್ತಾಯ ಶುರುವಾಯಿತು. "ಬೆಂಗಳೂರಿನ ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡುವುದಿಲ್ಲವೇ?" ಎಂದು ಕೇಳಿದವರು ಒಬ್ಬರಲ್ಲ. ಓಡುತ್ತವೆ. ಆದರೆ ಕುಣಿಗಲ್ಲಿನಂಥ ಫಾರಂಗಳಲ್ಲಿ ಹುಟ್ಟುವ ಆ ಮರಿಗಳಿಗೆ ತಾಯ ಹೊಟ್ಟೆಯಲ್ಲಿದ್ದಾಗಿನಿಂದ ತೂಗಿದ ಮೇವು, ಓಡಾಡಲು ಎಕರೆಗಟ್ಟಲೆ ಹುಲ್ಲುಗಾವಲು. ಅಷ್ಟಿದ್ದೂ ಮುಂಬೈನ ಮಹಾಲಕ್ಷ್ಮಿ ಮೈದಾನದ ದೊಡ್ಡ ಓಟ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳಿಗೆ. ಒಂದು ಮಾತು ಮಾತ್ರ ಅವರದು ಸರಿ: ಎಳೆತನದಲ್ಲಿ ಓಡಾಡಿದ ಮೂಳೆಯೇ ಗಟ್ಟಿಯಾಗುವುದು. ಅಗಾಡಿ ಪಿಚಾಡಿ, ಅಂದರೆ ಮುಂದಿನ ಹಿಂದಿನ ಹಗ್ಗ ಬಿಗಿದು ದಿನವಿಡೀ ನಿಲ್ಲಿಸಿ, ಬೆಳೆಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಉಬ್ಬು ಆರಿದ ಮೇಲೆ ನಾನು ಬಾದಲನ ಹಿಂಗಾಲಿನ ಹಗ್ಗ ಬಿಚ್ಚಿದವನು ಮತ್ತೆ ಕಟ್ಟಲಿಲ್ಲ. ಕಟಾವಾದ ಕಬ್ಬಿನ ಹೊಲಕ್ಕೆ ಮುಳ್ಳುಬೇಲಿಯ ಬದಲು ಮರದ ಅಡ್ಡಪಟ್ಟಿ ಹಾಕಿ, ಒಂದು ಮುದಿ ಹೆಣ್ಣು ಕುದುರೆಯ ಜೊತೆ ಅವನನ್ನು ಬಿಟ್ಟೆ. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಹಗ್ಗ ಹಿಡಿದು ನಾಲ್ಕು ಕಿಲೋಮೀಟರ್ ನಡೆಸುತ್ತಿದ್ದೆ. ಅವನನ್ನು ಗುಂಡಗೆ ಸುತ್ತು ಓಡಿಸಲಿಲ್ಲ. ಚಿಕ್ಕ ಸುತ್ತು ಎಳೆಯ ಕೀಲನ್ನು ಒಂದೇ ಕಡೆಗೆ ತಿರುಚುತ್ತದೆ.

2020ರ ಜೂನ್‌ನಲ್ಲಿ ಮತ್ತೆ ತೆಗೆಸಿದ ಚಿತ್ರದಲ್ಲಿ ಮೊಣಕಾಲಿನ ಮೇಲಿನ ಕಪ್ಪು ದಾರ ಮುಚ್ಚಿತ್ತು. ಅಲ್ಲಿಗೆ ಮುಗಿಯಿತು ಎಂದು ಸಂತೋಷಪಟ್ಟ ನನಗೆ ಡಾಕ್ಟರು ಬೆನ್ನು ತೋರಿಸಿದರು. ಪದರಗಳು ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತ ಹೋಗುತ್ತವೆ: ಗೊರಸಿನ ಹತ್ತಿರದವು ಮೊದಲ ವರ್ಷದಲ್ಲೇ, ಮೊಣಕಾಲಿನ ಮೇಲಿನದು ಎರಡರಿಂದ ಎರಡೂವರೆಗೆ, ಹೆಗಲು ತೊಡೆಗಳವು ಮೂರು ಮೂರೂವರೆಗೆ, ಬೆನ್ನುಹುರಿ ಹಾಯುವ ಮಣಿಗಳವು ಎಲ್ಲಕ್ಕಿಂತ ಕೊನೆಗೆ, ಐದರ ಆಚೀಚೆ. ಮುಚ್ಚಿದ ಮೊಣಕಾಲು ಬೆನ್ನಿನ ಪರವಾಗಿ ಸಾಕ್ಷಿ ಹೇಳಲಾರದು.

ಹಾಗಾಗಿ ಕ್ರಮ ಬದಲಿಸಿಕೊಂಡೆ. ಮೂರಕ್ಕೆ ಉದ್ದ ಲಗಾಮು ಹಿಡಿದು ಹಿಂದಿನಿಂದ ನಡೆಸುವುದು. ಮೂರೂವರೆಗೆ ಖಾಲಿ ಗಾಡಿ, ಸಮನೆಲದಲ್ಲಿ ಇಪ್ಪತ್ತು ನಿಮಿಷ. ಗಾಡಿಯ ಭಾರ ಬೆನ್ನಿನ ಮೇಲೆ ಕೂಡುವುದಿಲ್ಲ, ಅದು ನನಗೆ ಅನುಕೂಲವಾಯಿತು. ಆ ಹೊತ್ತಿನಲ್ಲೇ ಅವನು ಮೇವನ್ನು ಅರೆದು ಉಂಡೆ ಮಾಡಿ ಉಗುಳತೊಡಗಿದ. ಒಳಗಿನ ದವಡೆಯ ಹಾಲುಹಲ್ಲಿನ ಟೊಪ್ಪಿಗೆ ಸಡಿಲವಾಗಿ ಸಿಕ್ಕಿಕೊಂಡಿತ್ತು. ಡಾಕ್ಟರು ಅದನ್ನು ತೆಗೆದ ಮೇಲೆಯೇ ಮತ್ತೆ ಬಾಯಿಗೆ ಕಡಿವಾಣ ಹಾಕಿದ್ದು. ನಾಲ್ಕೂವರೆ ತುಂಬಿ ಮೂಲೆಯ ಹಲ್ಲು ಬಂದ ಮೇಲೆ, 2022ರಲ್ಲಿ, ಜೀನು. ಮೊದಲು ಹತ್ತಿದ್ದು ನಾನಲ್ಲ, ನಲವತ್ತೆರಡು ಕಿಲೋ ತೂಗುವ ಅಕ್ಕನ ಮಗಳು. ಅವಳೂ ಜೀನೂ ಸೇರಿ ಅವನ ತೂಕದ ಆರನೆಯ ಒಂದು ಪಾಲನ್ನೂ ದಾಟುತ್ತಿರಲಿಲ್ಲ. ನಾನು ಹತ್ತಿದ್ದು ಮುಂದಿನ ದೀಪಾವಳಿಗೆ, ಅವನಿಗೆ ಐದು ತುಂಬಿದ ಮೇಲೆ.

ಕೊನೆಯ ಗೆರೆ 2023ರ ಜುಲೈನದು. ಹೆಗಲು 147, ಟೊಂಕ 147. ಹದಿನಾಲ್ಕೂವರೆ ಕೈ. ಕಾಕಾ ಆ ದಿನ ಅಳತೆಪಟ್ಟಿಯ ಇನ್ನೊಂದು ತುದಿಯನ್ನು ತಾವೇ ಹಿಡಿದಿದ್ದರು. ಎರಡು ಸಲ ಅಳೆಸಿದರು.

ಹೋದ ತಿಂಗಳು ಪಕ್ಕದ ತೋಟದ ಹುಡುಗ ಒಂದು ಹೆಣ್ಣು ಮರಿಯನ್ನು ಹಿಡಿದುಕೊಂಡು ಬಂದ. "ಮಾಮಾ, ಇದು ಬೆಳೆಯುತ್ತಲೇ ಇಲ್ಲ, ಇನ್ನೇನು ಹಾಕಲಿ?" ಎಂದ. ನಾನು ಬಾಯಿ ಬಿಡಿಸಿ ಮೂಲೆಯ ಹಲ್ಲು ನೋಡಿದೆ. ಆಮೇಲೆ ಅವನ ಹೆಬ್ಬೆರಳನ್ನು ಹಿಡಿದು ಆ ಮರಿಯ ಕಣ್ಣಿನ ಕೆಳಗೆ ಇರಿಸಿದೆ. ಬೂಸಾ ಎಷ್ಟು ಹಾಕುತ್ತೀಯ ಎಂದು ಕೇಳಿದಾಗ ಅವನು ಹೆಮ್ಮೆಯಿಂದ ಎರಡು ಬಕೆಟ್ ಎಂದ. ಡಾಕ್ಟರ ನಂಬರು ಬರೆದುಕೊಟ್ಟು, ನನ್ನ ಎಂಟು ಗುಂಟೆಯಿಂದ ಕುದುರೆ ಮೆಂತೆಯ ಎರಡು ಹೊರೆ ಕೊಯ್ದು ಅವನ ಸೈಕಲ್ಲಿಗೆ ಕಟ್ಟಿ ಕಳಿಸಿದೆ.