ಲಾರಿ ಹೋದಾಗಲೆಲ್ಲ ಒಂದು ಗೆಣ್ಣು

ಬಳ್ಳಾರಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಮೊದಲ ಸಲ ಲೇಸರ್‌ನಿಂದ ಬೆಳೆಸಿದ ಇಂಗಾಲದ ಕಡ್ಡಿ ಒಂದು ಮಿಲಿಮೀಟರ್ ಉದ್ದ ಕೂಡ ಇರಲಿಲ್ಲ. ದಪ್ಪ 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದರೆ ಒಂದು ಮೈಕ್ರಾನ್). ಮೈಕ್ರೋಸ್ಕೋಪಿನಲ್ಲಿ ನೋಡಿದ ಅಟೆಂಡರ್ ಹುಡುಗ, "ಒಂದು ಕೂದಲು ಬೆಳ್ಸಾಕ ಇಷ್ಟೆಲ್ಲಾ ಸಾಮಾನು ಬೇಕೇನ್ರಿ ಸರ?" ಎಂದ.

ಕೆಲಸ ಕೇಳೋಕೆ ಸರಳ. ಉಕ್ಕಿನ ಡಬ್ಬಿಯಿಂದ ಗಾಳಿ ತೆಗೆದು ಎಥಿಲೀನ್ ತುಂಬಬೇಕು. ಬಾಳೆಕಾಯಿ ಹಣ್ಣು ಮಾಡೋಕೆ ಬಿಡ್ತಾರಲ್ಲ, ಅದೇ ಗ್ಯಾಸ್. ಗಾಳಿ ಉಳಿದರೆ ಸಿಡಿಯಬಹುದು, ಹಾಗಾಗಿ ಮೊದಲು ಸೋರಿಕೆ ನೋಡಲೇಬೇಕು. ಒಳಗಿನ ಗ್ರಾಫೈಟ್ ತುಂಡಿಗೆ ಲೆನ್ಸ್ ಮೂಲಕ ಲೇಸರ್ ಬಿಟ್ಟರೆ ಆ ಚುಕ್ಕೆ ಮಾತ್ರ 1000 ಡಿಗ್ರಿ ದಾಟಿ ಕಾಯುತ್ತದೆ. ಅಲ್ಲಿ ಗ್ಯಾಸ್ ಒಡೆದು ಇಂಗಾಲ ಕೂರುತ್ತದೆ. ಕೂತ ಹಾಗೇ ತುಂಡನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಕಡ್ಡಿ.

ಎಳೆಯುವ ವೇಗದಲ್ಲೇ ಇರೋದು ಎಲ್ಲ. ಜಾಸ್ತಿ ಆದರೆ ತುದಿ ಫೋಕಸ್‌ನಿಂದ ಜಾರಿ ತಣ್ಣಗಾಗುತ್ತದೆ, ಬೆಳೆಯೋದು ನಿಂತೇಹೋಗುತ್ತದೆ. ಕಡಿಮೆ ಆದರೆ ಬೆಂಕಿಕಡ್ಡಿಯ ತಲೆಯ ಹಾಗೆ ಉಬ್ಬುತ್ತದೆ. ನಮ್ಮ ಲೇಸರ್ ಬೆಳಕಿನ ತರಂಗಾಂತರ 1064 ನ್ಯಾನೋಮೀಟರ್, ಕಣ್ಣಿಗೆ ಕಾಣಲ್ಲ, ಆದರೆ ಕಣ್ಣು ಕಳೆಯುತ್ತದೆ. ಅದನ್ನು ತಡೆಯುವ ಕನ್ನಡಕ ಹಾಕಿಕೊಂಡು, ಕ್ಯಾಮೆರಾದಲ್ಲಿ ತುದಿಯ ಹೊಳಪು ನೋಡುತ್ತಾ ಮೋಟರ್ ವೇಗ ಹೊಂದಿಸುತ್ತಿದ್ದೆ. ಕೊನೆಗೆ ಸೆಕೆಂಡಿಗೆ 20 ಮೈಕ್ರಾನ್ ಸರಿಹೋಯಿತು.

ಆದರೂ ಕಡ್ಡಿ ನುಣ್ಣಗೆ ಬರಲಿಲ್ಲ. ಜೋಳದ ದಂಟಿನ ಹಾಗೆ ಅಲ್ಲಲ್ಲಿ ಗೆಣ್ಣು. ಗ್ಯಾಸ್ ಪ್ರೆಷರ್ ಇರಬೇಕೆಂದು ಒಂದು ವಾರ ಕಳೆದೆ. ವೋಲ್ಟೇಜ್ ಇರಬೇಕೆಂದು ಸ್ಟೆಬಿಲೈಜರ್ ಹಾಕಿದೆ. ಸುಮ್ನೆ ಖರ್ಚು. ಒಂದು ಮಧ್ಯಾಹ್ನ ಕಿಟಕಿ ಗಾಜು ಗಡಗಡ ಅಂತು, ಅದೇ ಹೊತ್ತಿಗೆ ಕ್ಯಾಮೆರಾದಲ್ಲಿ ತುದಿ ಕುಣಿಯಿತು. ಹೊರಗೆ ಅದಿರಿನ ಲಾರಿ.

ಐದು ಮಿಲಿಮೀಟರ್ ಬೆಳೆಯೋಕೆ ನಾಲ್ಕು ನಿಮಿಷ ಹಿಡಿಯುತ್ತದೆ. ಮರುದಿನ ಹುಡುಗ ಗೇಟಿನಲ್ಲಿ ನಿಂತು ಅಷ್ಟು ಹೊತ್ತು ಲಾರಿ ಎಣಿಸಿದ. ನಾಲ್ಕು. ಕಡ್ಡಿಯಲ್ಲಿ ಗೆಣ್ಣು ಮೂರು. "ಒಂದು ಖಾಲಿ ಲಾರಿ ಇತ್ರಿ ಸರ" ಎಂದ.

ದಪ್ಪನೆಯ ಗ್ರಾನೈಟ್ ಚಪ್ಪಡಿ ತರಿಸಿ, ಅದರ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟು, ಮೇಲೆ ಎಲ್ಲ ಕೂರಿಸಿದೆವು. ಗೆಣ್ಣು ಹೋಯಿತು.

ಆಮೇಲೆ ಸ್ಪ್ರಿಂಗಿನ ಆಸೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಇಂಥವನ್ನು ಬೆಳೆಸಿದ್ದರು. ಲೇಸರ್ ಚುಕ್ಕೆಯನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕಿಟ್ಟು, ತುಂಡನ್ನು ತಿರುಗಿಸುತ್ತಲೇ ಎಳೆಯಬೇಕು. ನನಗೆ ಎರಡೂವರೆ ಸುತ್ತು ಬಂತು. ಚಿಮುಟದಲ್ಲಿ ಹಿಡಿದು ತೆಗೆಯುವಾಗ ಫ್ಯಾನ್ ಆರಿಸಿರಲಿಲ್ಲ, ಬಳ್ಳಾರಿ ಬೇಸಿಗೆ ಅಲ್ವಾ. ಎಲ್ಲಿ ಹಾರಿತೋ, ಇನ್ನೂ ಸಿಕ್ಕಿಲ್ಲ.