ಅಕ್ಕ ಬರೀ ‘ಹೂಂ’ ಅಂದರೆ ಆ ಸಾಲು ಕೆಟ್ಟಿತು

ನನ್ನ ಕತೆಯೊಂದು ಮೂರು ಪತ್ರಿಕೆಗಳಿಂದ ವಾಪಸ್ ಬಂದಿತ್ತು. ಮೂರನೆಯವರು ಮಾತ್ರ, ಪುಣ್ಯಾತ್ಮರು, ಒಂದು ಮಾತು ಬರೆದಿದ್ದರು: ‘ಕತೆ ಚೆನ್ನಾಗಿದೆ, ಆದರೆ ತಡವಾಗಿ ಶುರುವಾಗುತ್ತದೆ.’ ಎರಡು ದಿನ ಸಿಟ್ಟು ಮಾಡಿಕೊಂಡು ಓಡಾಡಿದೆ. ಆಮೇಲೆ ತೆಗೆದು ಓದಿದೆ. ಮೊದಲ ಸಾಲು ಹೀಗಿತ್ತು:

‘ಮಂಜು ಮುಸುಕಿದ ಆ ಮುಂಜಾನೆ ಮಲೆನಾಡಿನ ಮಡಿಲಲ್ಲಿ ಸುಬ್ಬಣ್ಣನ ಮನೆ ಮೆಲ್ಲಗೆ ಕಣ್ತೆರೆಯುತ್ತಿತ್ತು.’

ಮ, ಮ, ಮ ಅಂತ ಪ್ರಾಸ ಬೇರೆ! ಬರೆದಾಗ ಎಷ್ಟು ಬೀಗಿದ್ದೆನೋ.

ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಹೂಂ’ ಅಂದಳು. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು, ಇಲ್ಲದಿದ್ದರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಹಾಗಾಗಿ ಅಕ್ಕನ ಹೂಂಗಳೆಲ್ಲ ನನಗೆ ಗೊತ್ತು. ಇದು ನಿದ್ದೆ ಬರುವಾಗಿನ ಹೂಂ.

ಎರಡನೇ ಸಲ ಬರೆದೆ: ‘ಅಂದು ಸುಬ್ಬಣ್ಣ ಬಾವಿ ಮುಚ್ಚಲು ನಿರ್ಧರಿಸಿದ.’ ಮಂಜು ಹೋಯಿತು, ವಿಷಯ ಬಂತು. ಆದರೆ ಪಂಚಾಯ್ತಿ ಠರಾವಿನ ಹಾಗೆ ಕೇಳಿಸುತ್ತಿತ್ತು. ಹಾಳು ಬಾವಿ ಇರಬೇಕು, ಮುಚ್ಚಲಿ ಬಿಡು ಅನ್ನಿಸುತ್ತದೆ, ಅಲ್ವಾ?

ನನಗೆ ಬೇಕಾದ ಸಾಲು ಮೂರನೇ ಪುಟದಲ್ಲಿ ಸುಮ್ನೆ ಬಿದ್ದಿತ್ತು. ಪಕ್ಕದ ಮನೆಯವಳು ಕೆಲಸದವಳ ಹತ್ತಿರ ಆಡುವ ಮಾತು ಅದು. ಸ್ವಲ್ಪ ತಿದ್ದಿ ಮೇಲೆ ತಂದೆ:

‘ನೀರಿದ್ದ ಬಾವಿಯನ್ನೇ ಸುಬ್ಬಣ್ಣ ಮುಚ್ಚಿಸಿದ.’

ಅಕ್ಕ ಈ ಸಲ ‘ಹೂಂ’ ಅನ್ನಲಿಲ್ಲ. ‘ಯಾಕಂತೆ?’ ಅಂದಳು.

ನಾಲ್ಕೇ ಪದ. ಕೆಲಸ ಮಾಡಿದ್ದು ಆ ‘ಏ’. ‘ಬಾವಿಯನ್ನು’ ಅಂದರೆ ಅದು ಬರೀ ಸುದ್ದಿ, ‘ಬಾವಿಯನ್ನೇ’ ಅಂದರೆ ಊರಿನವರ ಆಶ್ಚರ್ಯವೂ ಅದರೊಳಗೆ ಬರುತ್ತದೆ. ‘ಮುಚ್ಚಿದ’ ಅಲ್ಲ, ‘ಮುಚ್ಚಿಸಿದ’. ಕೂಲಿ ಕೊಟ್ಟು, ಎದುರಿಗೆ ನಿಂತು ಮಾಡಿಸಿದ್ದು, ಆವೇಶದಲ್ಲಿ ಆದದ್ದಲ್ಲ. ಇನ್ನೊಂದು, ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದು. ಏನಾಯ್ತು ಅಂತ ತಿಳಿಯಲು ಓದುಗ ಅಲ್ಲಿವರೆಗೆ ಕಾಯಲೇಬೇಕು. ಆ ಕಾಯುವಿಕೆ ಕನ್ನಡದಲ್ಲಿ ಬಿಟ್ಟಿ ಸಿಗುತ್ತದೆ. ‘ಸುಬ್ಬಣ್ಣ ಮುಚ್ಚಿಸಿದ, ನೀರಿದ್ದ ಬಾವಿಯನ್ನೇ’ ಅಂತಲೂ ಬರೆದು ನೋಡಿದೆ. ಸಿನಿಮಾ ಡೈಲಾಗ್ ಆಯಿತು.

ಅಣ್ಣತಮ್ಮಂದಿರ ಪಾಲಿನಲ್ಲಿ ಬಾವಿಯೂ ಅರ್ಧರ್ಧ ಆಗಿತ್ತು ಅನ್ನುವುದನ್ನು ಎರಡನೇ ಪ್ಯಾರಾಕ್ಕೆ ಇಟ್ಟುಕೊಂಡೆ. ಮೊದಲ ಸಾಲಲ್ಲೇ ಅದನ್ನೂ ತುರುಕಿದ್ದರೆ ಅಕ್ಕ ಮತ್ತೆ ‘ಹೂಂ’ ಅನ್ನುತ್ತಿದ್ದಳು.

ಇದಾದ ಮೇಲೆ ಸ್ವಲ್ಪ ತಲೆ ತಿರುಗಿತು. ಮುಂದಿನ ಕತೆಯನ್ನು ಅಂಗಳದಲ್ಲಿ ಬಿದ್ದ ಹೆಣದಿಂದ ಶುರು ಮಾಡಿದೆ. ಎರಡನೇ ಪುಟದಲ್ಲಿ ಅದು ಕನಸು! ಅಕ್ಕ ಫೋನ್ ಇಟ್ಟೇಬಿಟ್ಟಳು. ನಾನು ಮಾಡಿದ್ದು ಮೋಸ, ಅವಳ ಸಿಟ್ಟು ನ್ಯಾಯ.

ಊರು, ಬೆಟ್ಟ, ಮಂಜಿನಿಂದ ಶುರು ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ‘ಗೋವಿನ ಹಾಡು’ ಶುರುವಾಗುವುದು ಇಡೀ ಭೂಮಂಡಲದಿಂದ. ಆದರೆ ಅದೇ ಉಸಿರಿನಲ್ಲಿ ಕರ್ನಾಟ ದೇಶಕ್ಕೆ ಇಳಿದು, ಕಾಳಿಂಗ ಅನ್ನುವ ಒಬ್ಬ ಗೊಲ್ಲನ ಹತ್ತಿರ ಬಂದು ನಿಲ್ಲುತ್ತದೆ. ನನ್ನ ಮಂಜು ಎಲ್ಲಿಗೂ ಹೋಗದೆ ಅಲ್ಲೇ ಕೂತಿತ್ತು.

ಈಗ ಮೊದಲ ಸಾಲಿಗೆ ಒದ್ದಾಡುವುದನ್ನು ಬಿಟ್ಟಿದ್ದೇನೆ. ಏನೋ ಒಂದು ಬರೆದು ಮುಂದೆ ಹೋಗುತ್ತೇನೆ. ಕರಡು ಮುಗಿದ ಮೇಲೆ ಎರಡನೇ, ಮೂರನೇ ಪುಟದಲ್ಲಿ ಹುಡುಕುತ್ತೇನೆ, ಅದರಲ್ಲೂ ಪಾತ್ರಗಳ ಮಾತಿನಲ್ಲಿ. ಜಾಸ್ತಿ ಸಲ ಅಲ್ಲೇ ಸಿಗುತ್ತದೆ.

ಸದ್ಯ ಕೈಲಿರುವ ಕತೆಯ ಮೊದಲ ಸಾಲು: ‘ಅಮ್ಮ ಈ ಹಬ್ಬಕ್ಕೂ ಎರಡು ಬಾಳೆಲೆ ಜಾಸ್ತಿ ಹಾಕಿದಳು.’ ನಿನ್ನೆ ರಾತ್ರಿ ಅಕ್ಕನಿಗೆ ಓದಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಎರಡು ಯಾಕೋ? ಒಂದು ಸಾಕಲ್ವಾ?’ ಅಂದಳು.

ಒಂದು ಮಾಡಿ ನೋಡುತ್ತಿದ್ದೇನೆ.